ಹತ್ತೊಂಬತ್ತನೇ ಫಾರಂ

ಬೈಂಡಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಹದಿನೈದನೇ ವಯಸ್ಸಿಗೆ ಬಂದು ಕಿಟಕಿ ಪಕ್ಕದ ಮಣೆಯ ಮೇಲೆ ಕೂತವಳು. ಇಪ್ಪತ್ತೊಂಬತ್ತು ತುಂಬಿದರೂ ಅದೇ ಮಣೆ, ಅದೇ ಕಿಟಕಿ, ಎದುರಿಗೆ ಅದೇ ಅಂಟಿನ ಡಬ್ಬಿ.

ಪ್ರೆಸ್ಸಿನಿಂದ ದೊಡ್ಡ ದೊಡ್ಡ ಹಾಳೆಗಳು ಬರುತ್ತಿದ್ದವು. ಒಂದೊಂದು ಹಾಳೆಯಲ್ಲೂ ಹದಿನಾರು ಪುಟ. ಅದಕ್ಕೆ ಅಂಗಡಿಯಲ್ಲಿ ಫಾರಂ ಎನ್ನುತ್ತಿದ್ದರು. ಹಾಸಿದ ಹಾಳೆಯಲ್ಲಿ ನೋಡಿದರೆ ಪುಟಗಳು ತಲೆಕೆಳಗಾಗಿ, ಹಿಂದುಮುಂದಾಗಿ ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹಾಗೆ ಎಲ್ಲೆಲ್ಲೋ ನಿಂತಿರುತ್ತವೆ. ಸರಿಯಾಗಿ ಮೂರು ಸಲ ಮಡಚಿದರೆ ಒಂದರ ಹಿಂದೆ ಒಂದು ಬಂದು ಕೂರುತ್ತವೆ. ಸೂಜಿಯ ಕೆಲಸ ಅದೇ: ಮಡಚುವುದು, ಜೋಡಿಸುವುದು, ಹೊಲಿಯುವುದು.

ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ. ಓದುವ ಚಟ ಹತ್ತಿದ್ದು ಈ ಮಣೆಯ ಮೇಲೆ. ಯಜಮಾನರು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. “ಓದೋಕೆ ಲೈಬ್ರರಿ ಇದೆ, ಮಡಚೋಕೆ ಸಂಬಳ ಇದೆ,” ಎಂದು ಗದರುತ್ತಿದ್ದರು. ಅದಕ್ಕೆ ಸೂಜಿ ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಒಂದು ಹಾಳೆಗೆ ಒಂದೇ ಸಾಲು. ಹಾಳೆ ಎಳೆದುಕೊಂಡು ಮೊದಲ ಮಡಿಕೆ ಹಾಕುವಷ್ಟರಲ್ಲಿ ಒಂದು ಸಾಲು ಓದುವುದು, ಮುಂದಿನ ಸಾಲು ಮುಂದಿನ ಹಾಳೆಯಲ್ಲಿ. ಒಂದೇ ಫಾರಮ್ಮಿನ ಸಾವಿರ ಪ್ರತಿ ಇರುತ್ತಿದ್ದುದರಿಂದ ಸಾಲುಗಳಿಗೆ ಬರವಿರಲಿಲ್ಲ. ಕೈ ನಿಲ್ಲುತ್ತಿರಲಿಲ್ಲ, ಯಜಮಾನರಿಗೆ ಗೊತ್ತಾಗುತ್ತಿರಲಿಲ್ಲ.

ಹಾಗೆ ಓದಿದರೆ ಏನಾಗುತ್ತದೆಂದರೆ, ಪುಸ್ತಕದೊಳಗಿನ ಮನುಷ್ಯ ಬಹಳ ನಿಧಾನವಾಗಿ ಬದುಕುತ್ತಾನೆ. ಬಾಗಿಲು ತೆಗೆದು ಒಳಗೆ ಬಂದು ಕುರ್ಚಿಯ ಮೇಲೆ ಕೂರಲು ಅವನಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಅವನನ್ನೇ ನೋಡುತ್ತಾ ಕೂತರೆ ಯಾರಿಗಾದರೂ ಏನಾದರೂ ಆಗದೆ ಇರುತ್ತದೆಯೇ?

ಸೂಜಿಗೆ ಮನಸ್ಸಾದದ್ದು ಮೂರು ಭಾಗದ ಒಂದು ಕಾದಂಬರಿಯ ಮೋಜಣಿದಾರನ ಮೇಲೆ. ಊರೂರು ತಿರುಗಿ ಸರಪಳಿ ಹಿಡಿದು ಜಮೀನು ಅಳೆಯುವವನು. ಮಾತು ಕಡಿಮೆ. ಬಿಸಿಲಿನಲ್ಲಿ ಛತ್ರಿ ಬಿಚ್ಚಿದರೆ ಅದನ್ನು ಅಳತೆಯ ಉಪಕರಣಕ್ಕೆ ಹಿಡಿದು ತಾನು ಬಿಸಿಲಿಗೆ ನಿಲ್ಲುವವನು. ಮೊದಲ ಭಾಗದಲ್ಲಿ ಅವನ ಅಂಗಿಯ ಗುಂಡಿಯೊಂದು ಕಿತ್ತುಹೋಗಿತ್ತು. ಬರೆದವರು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋದರು. ಸೂಜಿಗೆ ಬಿಡಲಾಗಲಿಲ್ಲ. ಎರಡನೇ ಭಾಗ ಬಂದಾಗಲೂ ಆ ಗುಂಡಿಯನ್ನೇ ಹುಡುಕಿದಳು. ಮನಸ್ಸಿನಲ್ಲೇ ಅದೆಷ್ಟು ಸಲ ಹೊಲಿದು ಹಲ್ಲಿನಿಂದ ದಾರ ಕಡಿದಳೋ ಅವಳಿಗೇ ಗೊತ್ತು.

ಈ ನಡುವೆ ಬಂದ ಗಂಡುಗಳು ಆರು. ಒಬ್ಬನಿಗೆ ಬಾಯಿ ಜಾಸ್ತಿ, ಇನ್ನೊಬ್ಬ ಕೂತಲ್ಲೇ ಕಾಲು ಅಲ್ಲಾಡಿಸುತ್ತಾನೆ, ಮತ್ತೊಬ್ಬ ನಗುವಾಗ ಯಾರ ಮುಖವನ್ನೂ ನೋಡುವುದಿಲ್ಲ. ನೆಪಕ್ಕೇನು, ಬೇಕಾದಷ್ಟು. ನಿಜ ಗೊತ್ತಿದ್ದದ್ದು ಅತ್ತಿಗೆಗೆ ಒಬ್ಬಳಿಗೇ.

“ಕಾಗದದ ಗಂಡನ ಜೊತೆ ಸಂಸಾರ ಮಾಡ್ತೀಯೇನೇ? ಮಳೆ ಬಂದ್ರೆ ನೆನೆದು ಮುದ್ದೆ ಆಗ್ತಾನೆ,” ಎಂದು ಅತ್ತಿಗೆ ಛೇಡಿಸುತ್ತಿದ್ದಳು.

“ನಿನ್ನ ಗಂಡ ಮಳೆ ಬಂದ್ರೆ ಏನು ಮಾಡ್ತಾನೆ ಅಂತ ನೋಡಿದೀನಿ ಬಿಡು. ಸೂರು ಸೋರ್ತಿದ್ರೂ ಗೊರಕೆ ನಿಲ್ಲಲ್ಲ.”

ಏಳನೆಯವನು ಅಂಗಡಿಯೊಳಗಿನವನೇ. ಪುಸ್ತಕದ ಅಂಚು ಕತ್ತರಿಸುವ ಮಷೀನಿನವನು. ಎಡಗೈಯ ಎರಡು ಬೆರಳಿನ ತುದಿ ಆ ಮಷೀನಿಗೇ ಹೋಗಿದ್ದವು. ಆರು ವರ್ಷದಿಂದ ಅವಳ ಬೆನ್ನ ಹಿಂದೆಯೇ ಕೆಲಸ ಮಾಡುತ್ತಿದ್ದವನು ಒಂದು ಭಾನುವಾರ ತೊಳೆದ ಅಂಗಿ ಹಾಕಿಕೊಂಡು ಅವಳ ಅಣ್ಣನ ಎದುರು ಬಂದು ಕೂತು, “ನಿಮ್ಮ ತಂಗೀನ ಕೇಳೋಕೆ ಬಂದಿದೀನಿ. ಅವರು ಬೇಡ ಅಂದ್ರೆ ಬೇಡ,” ಎಂದಿದ್ದ. ಅಣ್ಣನಿಗೆ ಹಿಡಿಸಿತು. ಸೂಜಿಗೆ ಇಲ್ಲ ಎನ್ನಲು ನೆಪ ಸಿಗಲಿಲ್ಲ, ಹೂಂ ಎನ್ನಲು ಬಾಯಿ ಬರಲಿಲ್ಲ.

“ಮೂರನೇ ಭಾಗ ಪ್ರೆಸ್ಸಿಗೆ ಹೋಗಿದೆ. ಅದು ಬೈಂಡಾಗಿ ಹೊರಗೆ ಹೋಗಲಿ, ಆಮೇಲೆ ಹೇಳ್ತೀನಿ,” ಎಂದಳು.

ಕೆಲಸದ ಒತ್ತಡ ಎಂದು ಅಣ್ಣ ತಿಳಿದುಕೊಂಡ. ಅತ್ತಿಗೆ ಹಣೆ ಚಚ್ಚಿಕೊಂಡಳು. ಆದರೆ ಸೂಜಿಯ ಲೆಕ್ಕಾಚಾರ ಅವಳ ಮಟ್ಟಿಗೆ ನೇರವಾಗಿಯೇ ಇತ್ತು. ಮೋಜಣಿದಾರ ಕಥೆಯೊಳಗಿನ ಟೀಚರಮ್ಮನನ್ನು ಮದುವೆಯಾದರೆ ತನಗೆ ಬಿಡುಗಡೆ, ತಾನೂ ಒಪ್ಪಿಕೊಳ್ಳಬಹುದು. ಅವನು ಒಂಟಿಯಾಗಿಯೇ ಉಳಿದರೆ ಅವನನ್ನು ಬಿಟ್ಟು ಹೋಗುವುದು ಹೇಗೆ?

ಮೂರನೇ ಭಾಗದ ಹಾಳೆಗಳು ಬರತೊಡಗಿದವು. ಬರೆದವರಿಗೆ ಹುಷಾರಿರಲಿಲ್ಲವಂತೆ, ಮೊದಲಿನ, ನಡುವಿನ ಅಧ್ಯಾಯಗಳನ್ನು ತಿದ್ದುವುದು ಬಾಕಿಯಿತ್ತಂತೆ. ಹಾಗಾಗಿ ಪ್ರೆಸ್ಸಿನವರು ಎಲ್ಲಕ್ಕಿಂತ ಮೊದಲು ಕೊನೆಯ ಫಾರಮ್ಮನ್ನೇ ಅಚ್ಚು ಹಾಕಿ ಕಳಿಸಿದ್ದರು. ಹತ್ತೊಂಬತ್ತನೆಯದು.

ಸೂಜಿ ಎಂದಿನಂತೆ ಮಡಚಲು ಕೂತಳು. ಮೊದಲ ಸಾಲುಗಳಲ್ಲಿ ಮೋಜಣಿದಾರ ಹೊಳೆಯಾಚೆ ಡೇರೆಯಲ್ಲಿದ್ದ. ಇನ್ನೂರನೇ ಹಾಳೆಯ ಹೊತ್ತಿಗೆ ಜ್ವರ ಬಂತು. ಮರುದಿನ ಹೊಳೆ ತುಂಬಿತು, ದೋಣಿಯವನು ಬರಲಿಲ್ಲ. ಏಳುನೂರ ಅರವತ್ತನೇ ಹಾಳೆ ಎಳೆದುಕೊಂಡಾಗ ಈ ಸಾಲು ಬಂತು: ಬೆಳಗಾಗುವ ಹೊತ್ತಿಗೆ ಡೇರೆಯೊಳಗೆ ಉಸಿರಿನ ಸದ್ದಿರಲಿಲ್ಲ.

ಕೈ ನಿಂತಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಎದ್ದುಹೋಗಿ ಅವೇಳೆಯಲ್ಲಿ ಕೈ ತೊಳೆದುಕೊಂಡಳು. ಹೊಟ್ಟೆನೋವು ಎಂದು ಯಜಮಾನರಿಗೆ ಹೇಳಿ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

“ಏನಾಯ್ತೇ?” ಎಂದಳು ಅತ್ತಿಗೆ.

“ಗೊತ್ತಿದ್ದವರೊಬ್ಬರು ತೀರಿಕೊಂಡ್ರು.”

“ಯಾರು? ಯಾವ ಬೀದಿಯವರು?”

“ಈ ಊರಿನವರಲ್ಲ.”

ಅತ್ತಿಗೆ “ಪುಸ್ತಕದವನಾ?” ಎಂದು ನಗಲು ಬಾಯಿ ತೆರೆದಳು. ಸೂಜಿ ತಿರುಗಿ ನೋಡಿದಳು. ಅತ್ತಿಗೆಯ ನಗು ಅಲ್ಲೇ ನಿಂತಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಪೆಯ ಅಂಚಿಗೆ ಬಂದು ಕೂತಳು.

“ಏನಾಗಿತ್ತು?”

“ಜ್ವರ.”

“ಡಾಕ್ಟರು ಇರಲಿಲ್ವಾ?”

“ಹೊಳೆ ದಾಟಬೇಕಿತ್ತು. ದೋಣಿಯವನು ಬರಲಿಲ್ಲ.”

“ಹಾಳಾದವನು,” ಎಂದಳು ಅತ್ತಿಗೆ. “ಜೊತೆಗೆ ಯಾರೂ ಇರಲಿಲ್ವಾ ಪಾಪ?”

ಆಗ ಸೂಜಿಗೆ ಅಳು ಬಂತು. ಗಂಡ ಹೋದವಳ ಮನೆಗೆ ನಾಲ್ಕು ಜನ ಬರುತ್ತಾರೆ, ಬಂದವರು ಹೋದವನ ಒಳ್ಳೆಯತನ ಆಡುತ್ತಾರೆ, ಅತ್ತರೆ ಅಳಲಿ ಎಂದು ಬಿಡುತ್ತಾರೆ. ಈ ದುಃಖಕ್ಕೆ ಅದೊಂದೂ ಇಲ್ಲ. ಅತ್ತಿಗೆಯೊಬ್ಬಳು ಕೇಳಿದ್ದೇ ದೊಡ್ಡದಾಯಿತು.

ಮೂರನೇ ದಿನ ಅಂಗಡಿಗೆ ಹೋದಾಗ ಉಳಿದಿದ್ದ ಇನ್ನೂರ ನಲವತ್ತು ಹಾಳೆಗಳು ಕಾಣಲಿಲ್ಲ. ಮಡಚಿ, ದಾರ ಕಟ್ಟಿ, ಹಲಗೆಯ ಮೇಲೆ ಇಟ್ಟಾಗಿತ್ತು. ಯಜಮಾನರು ಬೇರೆ ಯಾರ ಕೈಲೋ ಮಾಡಿಸಿರಬೇಕು ಎಂದುಕೊಂಡಳು. ಮಷೀನಿನವನು ತಲೆ ಎತ್ತದೆ ಬ್ಲೇಡಿಗೆ ಎಣ್ಣೆ ಹಾಕುತ್ತಿದ್ದ.

ಆಮೇಲಿನ ಐದು ವಾರ ಅವಳ ಪಾಡು ಯಾರಿಗೂ ಬೇಡ. ಒಂದನೇ ಫಾರಂ ಬಂತು, ಎರಡನೆಯದು ಬಂತು, ಎಲ್ಲದರಲ್ಲೂ ಮೋಜಣಿದಾರ ಜೀವಂತ. ಹೊಸ ಛತ್ರಿ ಕೊಂಡ. ಟೀಚರಮ್ಮನ ಜೊತೆ ಎಂದೂ ಇಲ್ಲದ ಹಾಗೆ ತಮಾಷೆ ಮಾಡಿದ. ಮುಂದಿನ ವರ್ಷ ಹೀಗೆ ಮಾಡೋಣ, ಹಾಗೆ ಮಾಡೋಣ ಎಂದ. ಸೂಜಿ ಒಂದೊಂದೇ ಸಾಲು ಓದಿ ಮಡಚುತ್ತಾ ಬಂದಳು. ಹದಿನೆಂಟನೆಯದು ಮುಗಿಯುವ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು. ಇಂಥವನನ್ನು ಕಂಡ ಮೇಲೆ ಇನ್ನೊಬ್ಬನಿಗೆ ಕತ್ತು ಕೊಡುವುದು ಆಗದ ಮಾತು. ಪುಸ್ತಕ ಹೊರಗೆ ಹೋದ ದಿನವೇ ಮಷೀನಿನವನಿಗೆ ಬೇಡ ಎಂದು ಹೇಳಿಬಿಡುವುದು.

ಸಾವಿರ ಪ್ರತಿಯೂ ಹೊಲಿದಾಯಿತು. ಅಂಚು ಕತ್ತರಿಸುವುದೊಂದು ಬಾಕಿ. ಅದಕ್ಕೆ ಮುನ್ನ ಯಜಮಾನರು ರಾಶಿಯಿಂದ ಒಂದು ಪ್ರತಿ ಎಳೆದು, ಅಂಟಿಕೊಂಡಿದ್ದ ಪುಟಗಳನ್ನು ಚಾಕುವಿನಿಂದ ಸೀಳಿ ನೋಡುವುದು ರೂಢಿ. ಆ ದಿನ ನೋಡಿದವರು ಮುಖ ಗಂಟಿಕ್ಕಿದರು.

“ಬಾರಮ್ಮ ಇಲ್ಲಿ. ಏನಿದು, ಓದು.”

ಸೂಜಿ ಓದಿದಳು. ಬೆಳಗಾಗುವ ಹೊತ್ತಿಗೆ ಡೇರೆಯೊಳಗೆ ಉಸಿರಿನ ಸದ್ದಿರಲಿಲ್ಲ. ಪಕ್ಕದ ಪುಟಕ್ಕೆ ಬಂದಳು. ಮೋಜಣಿದಾರ ಎದ್ದು ಕೂತು, ಕುಡಿಯಲು ನೀರು ಕೇಳಿ, ಇವತ್ತು ಪರವಾಗಿಲ್ಲ ಎಂದ.

ಒಂದೇ ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಲೋಕವೇ ಬೇರೆಯಾಯಿತು. ಬರೆದವರು ಮನಸ್ಸು ಬದಲಾಯಿಸಿದ್ದಾರೆ, ಅವನು ಬದುಕಿದ್ದಾನೆ. ಆಮೇಲೆ ಕಣ್ಣು ಪುಟದ ತುದಿಗೆ ಹೋಯಿತು. ಮುನ್ನೂರ ನಾಲ್ಕರ ಪಕ್ಕ ಮುನ್ನೂರ ಒಂದು. ಹಾಳೆಯನ್ನು ತಪ್ಪು ಮಗ್ಗುಲಿಗೆ ಹಾಸಿಕೊಂಡು ಮಡಚಿದ್ದಾರೆ, ಅಷ್ಟೇ.

“ಎಷ್ಟು ಪ್ರತಿ ಹೀಗಾಗಿದೆಯೋ. ಯಾರ ಕೈಕೆಲಸ ಇದು?” ಎಂದರು ಯಜಮಾನರು.

ಮಡಚಿದ್ದು ಯಾರೇ ಆದರೂ ಸಾವಿರವನ್ನೂ ಹೊಲಿದದ್ದು ತಾನೇ ಎಂದುಕೊಂಡು ಸೂಜಿ, “ನಂದೇ,” ಎಂದಳು.

ಯಜಮಾನರು ಮಡಿಕೆಯ ಮೇಲೆ ಹೆಬ್ಬೆರಳು ಎಳೆದರು. “ಹದಿನಾಲ್ಕು ವರ್ಷದಿಂದ ನಿನ್ನ ಮಡಿಕೆ ನೋಡ್ತಿದೀನಿ. ಇದು ಹಾಸಿಗೆ ಸುತ್ತಿಟ್ಟ ಹಾಗಿದೆ. ನಿಂದಲ್ಲ.”

“ನಂದು,” ಎಂದ ಮಷೀನಿನವನು ಹಿಂದಿನಿಂದ.

“ನಿಂದಾ? ನಿನಗೆ ಮಡಚೋಕೆ ಯಾರು ಹೇಳಿದ್ರಯ್ಯಾ?”

“ಯಾರೂ ಹೇಳಲಿಲ್ಲ. ಇನ್ನೂರ ನಲವತ್ತು ಉಳಿದಿತ್ತು. ಅವರ ಕೈಲಿ ಅದನ್ನ ಮಡಚೋಕೆ ಆಗ್ತಿರಲಿಲ್ಲ.”

“ಯಾಕಾಗಲ್ಲ? ಕೈಗೇನಾಗಿತ್ತು?”

ಯಜಮಾನರು ಇಬ್ಬರ ಮುಖವನ್ನೂ ನೋಡಿದರು, ಏನೂ ತಿಳಿಯಲಿಲ್ಲ. “ಇಬ್ಬರೂ ಕೂತು ಬಿಚ್ಚಿ, ಸರಿ ಮಾಡಿ. ಸಂಜೆಯೊಳಗೆ ಆಗಬೇಕು,” ಎಂದು ಹೊರಟುಹೋದರು.

ಮಷೀನಿನವನು ಕೊನೆಯ ಹೊಲಿಗೆ ಬಿಚ್ಚಿ ಫಾರಂ ಎಳೆದು ಕೊಡುವುದು, ಸೂಜಿ ಅದನ್ನು ಬಿಡಿಸಿ, ತಿರುಗಿಸಿ, ಮಡಚಿ ಮತ್ತೆ ಹೊಲಿಯುವುದು. ಮೊದಲ ಹತ್ತು ಪ್ರತಿಗೆ ಅವಳ ಕಣ್ಣು ಆ ಸಾಲನ್ನು ಹುಡುಕಿಕೊಂಡು ಹೋಯಿತು. ಆಮೇಲೆ ಎದುರಿಗಿದ್ದ ಕೈಗಳ ಮೇಲೆ ನಿಂತಿತು. ತುದಿಯಿಲ್ಲದ ಬೆರಳುಗಳಿಗೆ ದಾರ ಸಿಕ್ಕುತ್ತಿರಲಿಲ್ಲ. ಮೂರು ಸಲ ತಪ್ಪಿ ನಾಲ್ಕನೇ ಸಲ ಹಿಡಿಯುತ್ತಿದ್ದ. ಈ ಕೈಯಿಂದ ಇನ್ನೂರ ನಲವತ್ತು ಹಾಳೆ ಮಡಚಿದ್ದಾನೆ, ಒಂದೊಂದಕ್ಕೂ ಮೂರು ಮಡಿಕೆ.

“ನಿಮಗೆ ಹೇಗೆ ಗೊತ್ತಾಯ್ತು?” ಎಂದಳು ಸೂಜಿ.

“ಅವರಿರೋ ಪುಟ ಬಂದ್ರೆ ನಿಮ್ಮ ಕೈ ನಿಧಾನ ಆಗುತ್ತೆ. ಆರು ವರ್ಷದಿಂದ ಹಿಂದಿನಿಂದ ನೋಡ್ತಿದೀನಲ್ಲ. ಅವತ್ತು ಪೂರ್ತಿ ನಿಂತುಹೋಯ್ತು. ಹೋಗಿ ಹಾಳೆ ನೋಡಿದೆ.”

“ನಗು ಬರಲಿಲ್ವಾ?”

“ನಗೋಕೇನಿದೆ, ಸತ್ತಿದ್ರಲ್ಲ.”

ಅವಳು ಎರಡು ಪ್ರತಿ ಹೊಲಿದಳು.

“ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಅವರನ್ನ ಮರೆಯೋದಿಲ್ಲ.”

“ಮರೀಬೇಡಿ.”

“ನಿಮಗೇನೂ ಅನ್ನಿಸಲ್ವಾ?”

ಮಷೀನಿನವನು ಸಿಕ್ಕಾದ ದಾರ ಬಿಡಿಸುತ್ತಾ ಯೋಚಿಸಿದ. “ಬದುಕಿದ್ದಾಗ ಹೊಟ್ಟೆಕಿಚ್ಚಾಗ್ತಿತ್ತು. ಛತ್ರಿ ತಗೊಂಡು ನಾನೂ ಬಿಸಿಲಲ್ಲಿ ನಿಂತು ನೋಡಿದೆ ಒಂದು ದಿನ. ತಲೆನೋವು ಬಂತು.”

ಸೂಜಿ ತಲೆ ಬಗ್ಗಿಸಿಕೊಂಡು ಗಂಟು ಹಾಕಿದಳು. ಬೇಡ ಎಂದು ಐದು ವಾರದಿಂದ ಬಾಯೊಳಗೆ ಇಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

“ಭಾನುವಾರ ಅಣ್ಣ ಮನೇಲಿರ್ತಾನೆ. ಬಂದು ಹೋಗಿ,” ಎಂದಳು. “ನಾನು ಹೂಂ ಅಂದಿದೀನಿ ಅಂತ ನೀವೇ ಹೇಳಿ. ನಂಗೆ ನಾಚಿಕೆ.”

ಮಷೀನಿನವನ ಕೈಯಿಂದ ದಾರ ಮತ್ತೆ ಜಾರಿತು.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಇಣುಕಿದರು. “ಎಷ್ಟಾಯ್ತು?”

“ಎಂಬತ್ತು.”

“ಇಷ್ಟು ಹೊತ್ತಿಗೆ ಎಂಬತ್ತೇನಾ? ಏನು ಹರಟೆ ಹೊಡೀತಿದ್ರಿ?”

“ಕೆಲಸದ ಮಾತೇ, ಯಜಮಾನ್ರೆ,” ಎಂದ ಮಷೀನಿನವನು ಗಂಭೀರವಾಗಿ.

ಸೂಜಿ ಮುಂದಿನ ಪ್ರತಿಯನ್ನು ಎಳೆದುಕೊಂಡು ಅದರ ಮೇಲೆ ಪೂರ್ತಿ ಬಗ್ಗಿದಳು. ಐದು ವಾರದ ನಂತರ ಬಂದ ನಗು ಯಜಮಾನರ ಕಣ್ಣಿಗೆ ಬೀಳುವುದು ಅವಳಿಗೆ ಬೇಕಿರಲಿಲ್ಲ.