ಗೌಡರ ಗುಳ

ನಮ್ಮ ಮಾವ ಸಂಜೆ ಜಪ ಹೇಳಿಸುವಾಗ ಒಂದು ಸಾಲಿಗೆ ಬಂದು ನಿಂತುಬಿಡುತ್ತಿದ್ದರು. ದೇವರ ಆಳ್ವಿಕೆ ಬರಲಿ ಎಂದು ಬೇಡುವ ಸಾಲು ಅದು. ಅಲ್ಲಿ ಕೆಮ್ಮಿ, ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ವಯಸ್ಸಾಯಿತು, ಮರೆತಿದ್ದಾರೆ ಅಂದುಕೊಂಡೆ. ಮರೆಯುವ ಆಸಾಮಿಯೇ ಅಲ್ಲ ಎಂದು ಆಮೇಲೆ ತಿಳಿಯಿತು.

ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಕ್ರಿಸ್ತನನ್ನು ನಂಬಿದ ಕಮ್ಮಾರರ ಮನೆ. ಸುಲ್ತಾನರ ಕಾಲ; ಪಾದ್ರಿಗಳು ಸೀಮೆ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಗಂಡ ಕೋಟೆಯೊಳಗೆ ಫಿರಂಗಿ ಗಾಡಿಗಳ ಕೆಲಸಕ್ಕೆ ಹೋಗಿದ್ದರಿಂದ ಕುಲುಮೆಯಲ್ಲಿ ಬೆಂಕಿಗೆ ತಿದಿ ಒತ್ತುವುದು ನನ್ನ ಪಾಲಿಗೆ ಬಂದಿತ್ತು.

ಊರಿನ ನೇಗಿಲ ಗುಳಗಳನ್ನೆಲ್ಲ ತಟ್ಟಿಕೊಡುವುದು ನಾವು. ಸುಗ್ಗಿಯಲ್ಲಿ ಕಣದಿಂದ ನಮ್ಮ ಪಾಲಿನ ರಾಗಿ ಕೊಡುವುದು ರೈತರು. ಒಂದು ವರ್ಷ ಗೌಡರು ಜಳ್ಳು ರಾಗಿ ಅಳೆದುಕೊಟ್ಟರು. ಮಾವನಿಗೆ ಮೈಯೆಲ್ಲ ಉರಿಯಿತು. ಮುಂಗಾರಿಗೆ ಗೌಡರ ಗುಳವನ್ನು ಹೊಳೆಯುವಂತೆ ತಟ್ಟಿ, ಗಟ್ಟಿಯಾಗುವಂತೆ ಹದ ಹಾಕದೆ ಕೊಟ್ಟುಬಿಟ್ಟರು. ಮೊದಲ ಮಳೆಗೇ ಅದು ಬಾಗಿತು. ಮತ್ತೆ ತಟ್ಟಿಸಿಕೊಂಡು ಹೋಗುವಷ್ಟರಲ್ಲಿ ನೆಲ ಒಣಗಿ ಅರ್ಧ ಹೊಲ ಬಿತ್ತನೆಯಿಲ್ಲದೆ ಉಳಿಯಿತು. ಹೊಲದ ಕಲ್ಲೇ ಕಾರಣವೆಂದು ಎಲ್ಲರೂ ಅಂದರು.

ಸುಗ್ಗಿ ಹತ್ತಿರ ಬಂದಾಗ ಮಾವ ಇದನ್ನೆಲ್ಲ ಮನೆಯಲ್ಲಿ ಹೇಳಿದರು. ಗೌಡರಿಗೂ ಹೇಳುತ್ತೇನೆ ಎಂದರು. ಅತ್ತೆ ಅಡ್ಡ ಬಂದರು.

“ಪಾದ್ರಿಯೋರು ಬರೋಗಂಟ ತಡೀರಿ. ಅವ್ರ ಕಿವೀಲಿ ಏಳಿ ಮುಗಿಸ್ಬುಡಿ. ಗೌಡ್ರಿಗೆ ಗೊತ್ತಾದ್ರೆ ಊರೇ ನಮ್ಮನ್ನ ಬುಟ್ಬುಡ್ತದೆ. ಆಮೇಲೆ ತಿನ್ನೋದೇನು?”

“ಗುಳ ಬಾಗಿದ್ದು ಗೌಡ್ರ ಒಲ್ದಲ್ಲಿ, ಪಾದ್ರಿಯೋರ ಒಲ್ದಲ್ಲಲ್ಲ ಕಣೆ. ಬಂದು ಆಳಪ್ಪಾ ಅಂತ ದಿನಾ ದೇವ್ರನ್ನ ಕರೀತೀವಿ. ಬಂದ್ರೆ ಮೊದ್ಲು ಕುಲುಮೆಗೇ ಬತ್ತಾನೆ. ಅಲ್ಲಿ ಏನ್ ತೋರಿಸ್ಲಿ?”

ಕಣದಲ್ಲಿ ಊರೆಲ್ಲ ನೆರೆದಿತ್ತು. ಮಾವ ರಾಗಿ ತುಂಬಿಕೊಳ್ಳುವ ತಮ್ಮ ಬರಿ ಮಂಕರಿಯನ್ನು ಕವುಚಿಟ್ಟು ಗೌಡರ ಎದುರು ನಿಂತರು.

“ಕಲ್ಲಲ್ಲ ಗೌಡ್ರೇ. ನಾನೇ ಬೇಕಂತ ಗುಳಾನ ಮೆತ್ತಗೆ ಬುಟ್ಟು ಕೊಟ್ಟೆ. ಈ ಸಲ ನಿಮ್ಮ ರಾಗಿ ಮುಟ್ಟಾಕಿಲ್ಲ.”

ಜಳ್ಳಿನ ಮಾತು ಎತ್ತಲೇ ಇಲ್ಲ. ನಾನಾಗಿದ್ದರೆ ಅದನ್ನೇ ಮೊದಲು ಎತ್ತುತ್ತಿದ್ದೆ, ಅದೂ ಕೈ ಬೀಸಿಕೊಂಡು. ಆ ಮುದುಕನ ಎದೆಗಾರಿಕೆ ಕಂಡು ನನಗೆ ಹೆಮ್ಮೆಯಾಯಿತು. ಹೊಟ್ಟೆಯ ಚಿಂತೆಯೂ ಆಯಿತು.

ಗೌಡರು ಉಗಿದು ಹೊರಟುಹೋದರು. ಅವರ ನೆಂಟರಿಷ್ಟರೂ ನಮ್ಮ ಕುಲುಮೆ ಕಡೆ ತಲೆ ಹಾಕಲಿಲ್ಲ. ಬೇಸಗೆಯೆಲ್ಲ ಸೊಪ್ಪು, ತೆಳ್ಳನೆ ಗಂಜಿ. ಮಾವ ಮಾತ್ರ ಅಂದಿನ ಸಂಜೆಯಿಂದಲೇ ಜಪವನ್ನು ಎಲ್ಲೂ ನಿಲ್ಲದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿಸತೊಡಗಿದರು. ಹೊಟ್ಟೆಗಿಲ್ಲದಿದ್ದರೂ ಗಂಟಲಿಗೇನೂ ಕಮ್ಮಿಯಿಲ್ಲ ಎಂದು ನಾನು ಗೊಣಗಿದ್ದುಂಟು.

ಮುಂಗಾರಿನ ಮೋಡ ಕಟ್ಟಿದಾಗ ಗೌಡರೇ ಬಂದರು. ಗುಳವನ್ನು ಮಾವನ ಮುಂದೆ ಹಾಕಿದರು.

“ಬೂಕನಕೆರೆ ಕಮ್ಮಾರನ ತಾವ ತಟ್ಟಿಸ್ದೆ. ಚೆನ್ನಾಗದೆ ಅಂತಾನೆ. ಎಂಗಿದ್ರೂ ಅಂಗೇ ಅಂತಾನೆ. ನೀನು ಕೆಟ್ಟದಾಗಿ ತಟ್ಟಿದ್ರೆ ನೀನೇ ಬಂದು ಏಳ್ತೀಯ ಕಣ್ಲಾ.”

ಮಾವ ಗುಳ ಎತ್ತಿಕೊಂಡರು. ಹೊರಟ ಗೌಡರು ಬಾಗಿಲಲ್ಲಿ ನಿಂತು, ನಮ್ಮ ಕಡೆ ತಿರುಗದೆಯೇ ಅಂದರು:

“ಆ ವರ್ಷ ಅಳ್ದಿದ್ದು ಜಳ್ಳು ಅಂತ ನಂಗೂ ಗೊತ್ತಿತ್ತು.”

ತಿದಿ ಒತ್ತು ಎಂದು ಮಾವ ನನಗೆ ಸನ್ನೆ ಮಾಡಿದರು. ಒತ್ತಿದೆ. ಕಣ್ಣು ತುಂಬಿ ಬೆಂಕಿಯೇ ಕಾಣಲಿಲ್ಲ.