ಹಾಳೂರು ಮಣ್ಣಿನ ಅವರೆ

ಸರ್ಜಾಪುರದ ಕಡೆ ಆಗಿನ್ನೂ ಅಪಾರ್ಟ್‌ಮೆಂಟುಗಳಿಗಿಂತ ಅವುಗಳ ಬೋರ್ಡುಗಳೇ ಹೆಚ್ಚಿದ್ದವು. ನಾನು ಐದನೇ ಕ್ಲಾಸು. ನಮ್ಮ ಹೊಲವನ್ನು ಲೇಔಟಿಗೆ ಕೊಟ್ಟು ವರ್ಷವೂ ತುಂಬಿರಲಿಲ್ಲ. ಅಪ್ಪ ಆ ದುಡ್ಡಲ್ಲಿ ಕೊಂಡ ಹೊಸ ಟ್ಯಾಕ್ಸಿಯ ಗಾಜು ಒರೆಸುತ್ತಾ ಖುಷಿಯಾಗಿದ್ದ. ಅಜ್ಜಿಗೆ ಮಾತ್ರ ಒಂದೇ ಚಿಂತೆ: ಸಂಕ್ರಾಂತಿಗೆ ಅವರೆಕಾಯಿ ಎಲ್ಲಿಂದ?

"ಸಂತೇಲಿ ಸಿಗ್ತದಲ್ಲಮ್ಮ, ತಂದ್ರಾಯ್ತು," ಎಂದ ಅಪ್ಪ.

"ಅವರೆಕಾಯಿ ಕೊಂಡು ತರೋ ಮನೆ ಅಲ್ಲ ಕಣೋ ಇದು. ನಾನು ಬಂದಾಗಿಂದ ಒಂದು ಕಾಯಿ ಆಚೆಯಿಂದ ಬಂದಿಲ್ಲ. ನಾನಿರೋಗಂಟ ಬರಾಕೂ ಇಲ್ಲ."

ಹಠ ನಮ್ಮ ವಂಶದ ಆಸ್ತಿ, ಅದನ್ನು ಯಾವ ಬಿಲ್ಡರಿಗೂ ಬರೆದುಕೊಟ್ಟಿರಲಿಲ್ಲ. ಅಜ್ಜಿ ಕಟ್ಟಡದ ಕೆಲಸದವರಿಂದ ಖಾಲಿ ಪೇಂಟ್ ಡಬ್ಬಗಳನ್ನು ಇಸಿದುಕೊಂಡು ಬಂದು ಹಿತ್ತಲಿನ ಗೋಡೆಗೆ ಸಾಲಾಗಿ ಇಟ್ಟಳು. ಆಮೇಲೆ ನನ್ನನ್ನು ಹಾಳೂರಿಗೆ ಕರೆದುಕೊಂಡು ಹೋದಳು.

ಕೆರೆಯಾಚೆಗಿನ ದಿಬ್ಬವನ್ನು ನಾವು ಹಾಳೂರು ಎನ್ನುತ್ತಿದ್ದೆವು. ಯಾವ ಕಾಲದಲ್ಲೋ ಅಲ್ಲೊಂದು ಊರಿತ್ತಂತೆ. ಯಾಕೆ ಬಿಟ್ಟುಹೋದರೋ ಯಾರಿಗೂ ಗೊತ್ತಿಲ್ಲ. ಸುತ್ತ ಎಲ್ಲಾ ಕೆಂಪು ಮಣ್ಣಾದರೆ ಆ ದಿಬ್ಬ ಮಾತ್ರ ಕಪ್ಪು. ಹಿಡಿದರೆ ರಾಗಿ ಹಿಟ್ಟಿನಷ್ಟು ಮೆತ್ತಗೆ, ಮಳೆ ಬಿದ್ದರೆ ಆರಿಸಿದ ಒಲೆಯ ವಾಸನೆ. ಅಗೆದಲ್ಲೆಲ್ಲಾ ಮಡಕೆ ಚೂರುಗಳು. ನನ್ನ ಕುಂಟೆಬಿಲ್ಲೆಯ ಬಿಲ್ಲೆಗಳೆಲ್ಲಾ ಅಲ್ಲಿಯವೇ, ಅವು ಗೆರೆ ಮೇಲೆ ಬೀಳುತ್ತಲೇ ಇರಲಿಲ್ಲ.

ಹಾಳೂರಿಗೆ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ನೀರೊಲೆಯ ಬೂದಿ, ಕೊಟ್ಟಿಗೆಯ ಕಸ ಮಂಕರಿಯಲ್ಲಿ ತುಂಬಿಕೊಂಡೇ ಹೋಗಬೇಕು.

"ಮೊದ್ಲು ಬೂದಿ ಸುರಿ. ಆಮ್ಯಾಕೆ ಮಣ್ಣು ತಗಿ."

"ಯಾಕಜ್ಜಿ?"

"ಈ ಮಣ್ಣು ಕಪ್ಪಗಾಗಿರಾದೇ ಇಂಗೆ ಕಣೆ. ಯಾರೋ ಎಂಗಸ್ರು ಒಲೆ ಬೂದಿ ಸುರುದ್ರು, ನಾವು ಉಣ್ತಾ ಇದೀವಿ. ನಾವು ಸುರುದ್ರೆ ಮುಂದಿನೋರು ಉಣ್ತಾರೆ."

ಹೊಲ ಇದ್ದಾಗ ಆ ಮಣ್ಣನ್ನು ಕೆಂಪು ನೆಲದ ಮೇಲೆ ತೆಳ್ಳಗೆ ಹರಡುತ್ತಿದ್ದರು, ಗೊಬ್ಬರದ ಹಾಗೆ. ಈಗ ಅಜ್ಜಿ ಡಬ್ಬಗಳ ತುಂಬಾ ಅದನ್ನೇ ಒತ್ತಿದಳು. ಒಂದಿಷ್ಟು ಕೆಂಪು ಮಣ್ಣು ಬೆರೆಸು ಎಂದು ಪಕ್ಕದ ಮನೆ ಪಾಪಕ್ಕ ಹೇಳಿದ್ದಕ್ಕೆ, "ಹಾಲಿಗ್ಯಾಕೆ ನೀರು ಉಯ್ಯಾದು?" ಎಂದು ಬಾಯಿ ಮುಚ್ಚಿಸಿದಳು.

ಮುಂಗಾರಿಗೆ ಹಾಕಿದ ಅವರೆ ಬೀಜ ರಾಕ್ಷಸರಂತೆ ಎದ್ದವು. ಬಳ್ಳಿ ಗೋಡೆ ದಾಟಿ, ಬಟ್ಟೆ ತಂತಿ ಹಿಡಿದು, ಡಿಶ್ ಆಂಟೆನಾವನ್ನು ತಬ್ಬಿಕೊಂಡಿತು. ಅಂಗೈ ಅಗಲದ ಎಲೆಗಳು. ದೀಪಾವಳಿ ಬಂತು, ಹೋಯಿತು. ಒಂದೇ ಒಂದು ಹೂವಿಲ್ಲ.

"ಏನಕ್ಕಾ, ಸಂಕ್ರಾಂತಿಗೆ ಸೊಪ್ಪು ಬೇಯಿಸ್ತೀಯಾ?" ಎಂದಳು ಪಾಪಕ್ಕ, ಗೋಡೆಯಾಚೆಯಿಂದ.

ಅಜ್ಜಿ ತಲೆಯೆತ್ತದೆ ಎಲೆಗಳ ಸಂದಿಯಲ್ಲಿ ಮೊಗ್ಗು ಹುಡುಕುತ್ತಿದ್ದಳು. ಮಾತಿಗೆ ಮಾತು ಸೇರಿಸದೆ ಬಿಟ್ಟವಳೇ ಅಲ್ಲ ಅವಳು. ನನಗೆ ಭಯವಾಯಿತು. ಅಪ್ಪ ಸಂತೆಯಿಂದ ಚೀಲ ಹಿಡಿದು ಬರುವುದು, ಅಜ್ಜಿ ಅದನ್ನು ನೋಡುತ್ತಾ ಕೂರುವುದು ಕಣ್ಣ ಮುಂದೆ ಬಂದು, ಶಾಲೆಗೆ ಹೋಗುವಾಗ ದಿನಾ ಮುನೇಶ್ವರನಿಗೆ ಕೈಮುಗಿದು ಹೂವು ಬೇಡುತ್ತಿದ್ದೆ.

ಉತ್ತರ ಸಿಕ್ಕಿದ್ದು ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಪಾಯ ತೋಡಿ ಸುರಿದಿದ್ದ ಕೆಂಪು ಮಣ್ಣಿನ ಗುಡ್ಡೆಯ ಮೇಲೆ, ನಮ್ಮ ಬೀಜದ ಚೀಲದಿಂದಲೇ ಉದುರಿತ್ತೋ ಏನೋ, ಒಂದು ಅವರೆ ಗಿಡ ಎದ್ದಿತ್ತು. ಮೊಣಕಾಲುದ್ದದ ಬಡಕಲು ಗಿಡ. ಅದರ ಮೈತುಂಬ ಹೂವು!

ಅಜ್ಜಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ನಕ್ಕಳು.

"ನಮ್ಮೋವುಕ್ಕೆ ಒಟ್ಟೆ ತುಂಬ್ಬಿಟ್ಟದೆ ಕಣೆ. ಒಟ್ಟೆ ತುಂಬಿದ್ದು ಯಾಕೆ ಊ ಬಿಡ್ತದೆ? ನಡಿ, ಮಂಕರಿ ತಕಾ."

ಆ ಭಾನುವಾರ ಬೇರು ಅಲುಗದ ಹಾಗೆ ಡಬ್ಬಗಳ ಪಕ್ಕದಿಂದ ಅರ್ಧ ಕಪ್ಪು ಮಣ್ಣು ತೆಗೆದೆವು, ಪಾಯದ ಕೆಂಪು ಮಣ್ಣು ತುಂಬಿದೆವು. ಅಜ್ಜಿ ಎಲ್ಲಾ ಕುಡಿಗಳನ್ನೂ ಚಿವುಟಿದಳು, ನೀರು ಕಡಿಮೆ ಮಾಡಿದಳು. ತೆಗೆದ ಕಪ್ಪು ಮಣ್ಣಿನಲ್ಲಿ ಒಂದು ಡಬ್ಬದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಹಾಳೂರಿಗೇ ಹೊತ್ತುಕೊಂಡು ಹೋದೆವು. ಜತೆಗೆ ಬೂದಿಯೂ ಹೋಯಿತು.

ಮಾಗಿಯ ಚಳಿ ಬಿದ್ದ ಮೇಲೆ ಒಂದು ಬೆಳಗ್ಗೆ ನನ್ನ ಕೂಗಿಗೆ ಮನೆಯವರೆಲ್ಲಾ ಹಿತ್ತಲಿಗೆ ಓಡಿಬಂದರು. ಡಿಶ್ಶಿನ ಸುತ್ತ ಬಿಳೀ ಹೂವು. ಸಂಕ್ರಾಂತಿಯ ಹೊತ್ತಿಗೆ ಬುಟ್ಟಿ ತುಂಬದಿದ್ದರೂ ಮಡಕೆ ತುಂಬುವಷ್ಟು ಕಾಯಿ ಸಿಕ್ಕಿತು. ಬಿಡಿಸಿದ ಕೈಗೆ ಅಂಟಿದ ಸೊಗಡನ್ನು ನಾನು ದಿನವೆಲ್ಲಾ ಮೂಸುತ್ತಿದ್ದೆ. ಗೆಣಸು, ಕಡಲೆಕಾಯಿ, ಅವರೆಕಾಯಿ ಉಪ್ಪು ಹಾಕಿ ಬೇಯಿಸಿದ ಮೊದಲ ಬಟ್ಟಲನ್ನು ಅಜ್ಜಿ ತಾನೇ ಪಾಪಕ್ಕನ ಮನೆಗೆ ಒಯ್ದಳು.

"ಸೊಪ್ಪು ಬೇಯ್ಸಿದೀನಿ, ತಕಾ," ಎಂದಳು.

ಪಾಪಕ್ಕ ನಗುತ್ತಲೇ ಒಂದು ಕಾಯಿ ಬಾಯಿಗಿಟ್ಟು, "ಕೆಂಪು ಮಣ್ಣು ಬೆರೆಸು ಅಂದೋಳು ನಾನಲ್ವಾ?" ಎಂದಳು. ಅಜ್ಜಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಆ ಬೇಸಿಗೆಯಲ್ಲಿ ಜೆಸಿಬಿ ಬಂದು ಹಾಳೂರನ್ನು ಸಮ ಮಾಡಿತು. ಈಗ ಅಲ್ಲಿ ಈಜುಕೊಳವಿದೆ. ಅಜ್ಜಿಯೂ ಇಲ್ಲ. ಉಳಿಸಿಕೊಂಡಿದ್ದ ಆ ಒಂದು ಡಬ್ಬ ಮಣ್ಣು ಹೂಡಿಯಲ್ಲಿರುವ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿದೆ, ಕೆಂಪು ಮಣ್ಣಿನ ಜತೆ ಬೆರೆತು. ಪ್ರತಿ ವರ್ಷ ಅವರೆ ಹಾಕುತ್ತೇನೆ, ಪ್ರತಿ ವರ್ಷ ಬಿಡುತ್ತದೆ. ಒಂದೇ ಹಿಡಿಯಾದರೂ ಸರಿ, ಸಂಕ್ರಾಂತಿಗೆ ನಾನು ಅವರೆಕಾಯಿ ಕೊಂಡವಳಲ್ಲ.

ಆದರೆ ಗ್ಯಾಸ್ ಒಲೆಯಲ್ಲಿ ಬೂದಿ ಉಳಿಯುವುದಿಲ್ಲ. ಉಳಿದರೂ ಒಯ್ದು ಸುರಿಯಲು ದಿಬ್ಬವಿಲ್ಲ. ನನ್ನ ಮಗಳು ಇವತ್ತಿಗೂ ಉಣ್ಣುತ್ತಿರುವುದು ಆ ಹೆಸರಿಲ್ಲದ ಹೆಂಗಸರು ಸುರಿದದ್ದನ್ನೇ. ಅವಳ ಮೊಮ್ಮಕ್ಕಳಿಗೆಂದು ನಾನು ಎಲ್ಲೂ ಏನೂ ಸುರಿದಿಲ್ಲ.