ನೀರುಗಂಟಿಯ ಪಾಲಿನ ಸಿವುಡು

ಆ ವರ್ಷ ನೀರುಗಂಟಿಕೆಯ ಸರದಿ ತುಂದುಪನ ಮನೆಗೆ ಬಂತು. ಲಡಾಖಿನ ಆ ಎತ್ತರದಲ್ಲಿ ಜವೆಗೋಧಿ ಬಿಟ್ಟರೆ ಬೇರೇನೂ ನೆಟ್ಟಗೆ ಬೆಳೆಯದು. ಹೊಟ್ಟೆಗೆ ಹಾಕುವ ಹುರಿಹಿಟ್ಟೂ ಅದರದ್ದೇ, ತಲೆಗೇರುವ ಛಾಂಗೂ ಅದರದ್ದೇ. ಇರುವುದೊಂದು ಹಿಮದ ಕಾಲುವೆ. ಅದನ್ನು ಹೊಲದಿಂದ ಹೊಲಕ್ಕೆ ಹಂಚುವವನಿಗೆ ಊರು ಹಾಕಿದ ಕಟ್ಟಳೆಯೂ ಒಂದೇ: ಎಲ್ಲರ ಹೊಲ ಕುಡಿದ ಮೇಲೆ ನಿನ್ನದು.

ತೆನೆಗೆ ಹಾಲು ತುಂಬುವ ಹೊತ್ತಿಗೆ ಮೋಡ ಕವಿದು ಹಿಮ ಕರಗಲೇ ಇಲ್ಲ. ಕಾಲುವೆ ಸೊರಗಿತು. ತುಂದುಪನ ಮಗಳ ಮದುವೆ ಚಳಿಗಾಲಕ್ಕೆ ಗೊತ್ತಾಗಿತ್ತು. ಛಾಂಗ್ ಇಲ್ಲದ ಮದುವೆಗೆ ನಾಯಿಯೂ ಬರುವುದಿಲ್ಲ. ಅವನನ್ನು ಅಣ್ಣನೆಂದು ಆಚೊ ಎನ್ನುತ್ತಿದ್ದ ವಿಧವೆ ಯಾಂಗ್‌ಸ್ಕಿತ್ ತನ್ನ ಸರದಿಯ ನೀರು ಹರಿಯತೊಡಗಿದ್ದನ್ನು ನೋಡಿ, ನಂಬಿಕೆಯ ಮೇಲೆ ಉಣ್ಣಲು ಮನೆಗೆ ಹೋದಳು. ತುಂದುಪ ಅವಳ ಹೊಲದ ಮಡೆಬಾಯಿಗೆ ಕಲ್ಲು, ಹುಲ್ಲುಹೆಂಟೆ ಒಟ್ಟಿ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡ. ಚೂರು ಹೊತ್ತು ಅಂದುಕೊಂಡಿದ್ದ. ಅವಳ ಸರದಿಯೇ ಮುಗಿದುಹೋಯಿತು.

ಕೇಳಿದ್ದಕ್ಕೆ, ಮೇಲಿಂದಲೇ ನೀರು ನಿಂತಿತು ಅಂದ. ಅವಳು ಮೋಡ ಕವಿದ ಬೆಟ್ಟ ನೋಡಿ ಮನೆಗೆ ನಡೆದಳು. ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದ. ಆಮೇಲಿಂದ ಹಿಟ್ಟಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. ಮಗಳ ಮದುವೆಗೆ ಮುಂಚೆ ನಿನಗೇ ನಾಚಿಕೆ ಶುರುವಾಯ್ತಲ್ಲ ಅಂತ ಹೆಂಡತಿ ಗೇಲಿ ಮಾಡಿದಳು.

ಕೊಯ್ಲಾದ ಮೇಲೆ ನೀರುಗಂಟಿಗೆ ಮನೆಗೊಂದು ತೆನೆಯ ಸಿವುಡು ಕೊಡಬೇಕು. ಯಾಂಗ್‌ಸ್ಕಿತಳೂ ಹೊತ್ತು ತಂದಳು. ಅರ್ಧಕ್ಕರ್ಧ ಜೊಳ್ಳು. ಅವನು ಕೈ ಚಾಚಲಿಲ್ಲ. ನಿನಗೇ ಇರಲಿ ಅಂದ.

"ಯಾಕೆ ಆಚೊ, ನನ್ನ ಸಿವುಡು ನಿನ್ನ ಹೆಗಲಿಗೆ ಏರಲ್ವಾ? ಊರೆಲ್ಲ ಕೊಟ್ಟಿದೆ. ನನ್ನೊಬ್ಬಳನ್ನ ಭಿಕಾರಿ ಮಾಡ್ಬೇಡ."

ಬೇಡವೆನ್ನಲು ನಿಜ ಹೇಳುವುದು ಬಿಟ್ಟು ಬೇರೆ ದಾರಿ ಉಳಿದಿರಲಿಲ್ಲ.

"ನೀರು ನಿಂತಿರ್ಲಿಲ್ಲ. ನಾನೇ ತಿರುಗಿಸ್ಕೊಂಡೆ."

ಅವಳು ಸಿವುಡನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ನನ್ನ ಕಿವೀಲಿ ಉಸುರಿ ಹಗುರಾಗೋಕೆ ನೋಡ್ತೀಯಾ? ನೀರು ಊರಿಂದು. ಕಣದಲ್ಲಿ ಎಲ್ಲರೆದುರು ಹೇಳು, ನಡಿ."

"ಮದುವೆ ಮುಗೀಲಿ ತಂಗಿ."

"ಆ ಛಾಂಗ್ ನಾನೂ ಕುಡೀಬೇಕಲ್ಲ. ಯಾವ ಬಾಯಲ್ಲಿ ಕುಡೀಲಿ?"

ಕಣದಲ್ಲಿ ತೆನೆ ತುಳಿಸುವ ಹಂತಿ ನಡೆದಿತ್ತು, ಹಾಡು ಎದ್ದಿತ್ತು. ಹೆಗಲ ಮೇಲೆ ಜೊಳ್ಳಿನ ಸಿವುಡು ಹೊತ್ತು ಬಂದ ತುಂದುಪನನ್ನು ನೋಡಿ ಒಬ್ಬೊಬ್ಬರೇ ಹಾಡು ಬಿಟ್ಟರು. ಮಗಳೂ ಅಲ್ಲೇ ಹೊಟ್ಟು ತೂರುತ್ತಿದ್ದಳು. ಅವಳ ಕಡೆ ನೋಡದೆ ಟೋಪಿ ತೆಗೆದು, ಈ ಸಿವುಡು ಯಾರದು, ಯಾಕೆ ಹೀಗಿದೆ ಅಂತ ಹೇಳತೊಡಗಿದ.